ಓಟಿಪಿ ಬರ್ತಿಲ್ಲ, ರಸೀದಿ ಸಿಗ್ತಿಲ್ಲ: ಸೆಲರಿ ಕ್ಯೂ ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಸೈಟ್ ಚೆನ್ನಾಗಿಯೇ ತೆರೆಯುತ್ತದೆ. ಲಾಗಿನ್ ಆಗುತ್ತದೆ, ಫಾರಂ ಹೋಗುತ್ತದೆ, 'ರಸೀದಿ ನಿಮ್ಮ ಇಮೇಲಿಗೆ ಬರಲಿದೆ' ಅಂತ ಪರದೆ ಮೇಲೆ ಕಾಣಿಸುತ್ತದೆ. ರಸೀದಿ ಮಾತ್ರ ಬರುವುದಿಲ್ಲ. ಹಿನ್ನೆಲೆಯಲ್ಲಿ ಕೆಲಸ ಮಾಡುವ ಕ್ಯೂ ಕೆಟ್ಟಾಗ ಹೀಗೇ ಆಗೋದು: ಮಾನಿಟರಿಂಗ್‌ನಲ್ಲಿ ಎಲ್ಲ ಹಸಿರು, ಸಪೋರ್ಟ್ ನಂಬರಿಗೆ ಮಾತ್ರ ಕರೆ ಮೇಲೆ ಕರೆ. ಆಗ ಹೆಚ್ಚಿನವರು ಮೊದಲು ಮಾಡುವುದು ವರ್ಕರ್ (ಕ್ಯೂನಿಂದ ಕೆಲಸ ಎತ್ತಿ ಓಡಿಸುವ ಪ್ರೋಗ್ರಾಂ) ರೀಸ್ಟಾರ್ಟ್. ಸರಿಹೋದರೆ ಖುಷಿ. ಯಾಕೆ ಕೆಟ್ಟಿತ್ತು ಅನ್ನೋದು ಗೊತ್ತಾಗಲ್ಲ, ಮುಂದಿನ ವಾರ ಮತ್ತೆ ಅದೇ ಕಥೆ.

ಇಲ್ಲಿ ಜ್ಯಾಂಗೊ (ಪೈಥಾನ್ ವೆಬ್ ಫ್ರೇಮ್‌ವರ್ಕ್) ಆಪ್, ಅದರ ಹಿನ್ನೆಲೆ ಕೆಲಸಗಳನ್ನು, ಅಂದರೆ ಟಾಸ್ಕ್‌ಗಳನ್ನು, ಓಡಿಸುವ ಸೆಲರಿ, ಸಂದೇಶ ಹಿಡಿದಿಡುವ ಬ್ರೋಕರ್ ಆಗಿ ರೆಡಿಸ್ ಡೇಟಾಬೇಸ್, ಲಿನಕ್ಸ್ ಸರ್ವರ್, ಇಷ್ಟನ್ನು ಇಟ್ಟುಕೊಂಡು ಬರೆದಿದ್ದೇನೆ. ಸೈಡ್‌ಕಿಕ್ ಅಥವಾ ಬುಲ್‌ನಂಥ ಬೇರೆ ಕ್ಯೂ ಬಳಸುವವರಿಗೆ ಸೆಟ್ಟಿಂಗ್ ಹೆಸರು ಬೇರೆ ಇರುತ್ತದೆ, ಹುಡುಕುವ ದಾರಿ ಹೆಚ್ಚುಕಡಿಮೆ ಇದೇ.

ಆಪ್‌ನ ಕೋಡ್‌ನಲ್ಲಿ ಟಾಸ್ಕ್‌ನ ಡಿಲೇ ಫಂಕ್ಷನ್ ಕರೆದ ಕೂಡಲೇ ಒಂದು ಸಂದೇಶ ರೆಡಿಸ್‌ನ ಒಂದು ಲಿಸ್ಟ್‌ಗೆ ಹೋಗಿ ಬೀಳುತ್ತದೆ. ನೀವು ಬೇರೆ ಹೆಸರು ಕೊಡದಿದ್ದರೆ ಆ ಲಿಸ್ಟ್‌ನ ಹೆಸರೂ 'ಸೆಲರಿ'ಯೇ. ವರ್ಕರ್ ಅಲ್ಲಿಂದ ಎತ್ತಿಕೊಂಡು ಓಡಿಸುತ್ತದೆ. ಹಾಗಾಗಿ ದೂರು ಏನೇ ಇರಲಿ, ಮೊದಲು ಕೇಳಬೇಕಾದ್ದು ಸಂದೇಶ ಎಲ್ಲಿ ನಿಂತಿದೆ ಅಂತ. ಲಿಸ್ಟ್‌ಗೆ ಬಂದೇ ಇಲ್ಲವೋ, ಬಂದು ಸುಮ್ನೆ ಕೂತಿದೆಯೋ, ಎತ್ತಿಕೊಂಡ ಮೇಲೆ ಒಳಗೆ ಸಿಕ್ಕಿಕೊಂಡಿದೆಯೋ, ಅಥವಾ ಕೆಲಸ ಮುಗಿದರೂ ಗ್ರಾಹಕರಿಗೆ ತಲುಪಿಲ್ಲವೋ.

## ಕೈ ಹಾಕುವ ಮುಂಚೆ

ಸೆಲರಿಯ ಪರ್ಜ್ ಕಮಾಂಡ್ ಒತ್ತಬೇಡಿ. ಕ್ಯೂನಲ್ಲಿ ಕಾಯುತ್ತಿರುವ ಎಲ್ಲ ಟಾಸ್ಕ್ ಅಳಿಸಿ ಹೋಗುತ್ತವೆ, ವಾಪಸ್ ತರುವ ದಾರಿ ಇಲ್ಲ. ರೆಡಿಸ್‌ನ ಫ್ಲಶ್‌ಆಲ್ ಕಮಾಂಡ್ ಇನ್ನೂ ಕೆಟ್ಟದ್ದು. ರೆಡಿಸ್‌ನಲ್ಲಿ ಡಿಫಾಲ್ಟ್ ಆಗಿ 0ರಿಂದ 15ರವರೆಗೆ 16 ಡೇಟಾಬೇಸ್ ಇರುತ್ತವೆ, ಅದು ಅಷ್ಟನ್ನೂ ಒರೆಸುತ್ತದೆ. ಬಳಕೆದಾರರ ಸೆಷನ್ ಕೂಡ ಅದೇ ರೆಡಿಸ್‌ನಲ್ಲಿದ್ದರೆ ಎಲ್ಲರೂ ಒಟ್ಟಿಗೆ ಲಾಗ್‌ಔಟ್ ಆಗುತ್ತಾರೆ.

ಪ್ರೊಸೆಸನ್ನು ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ 9 ಕೂಡ ಬೇಡ. ಸೆಲರಿ ಡಿಫಾಲ್ಟ್ ಆಗಿ ಟಾಸ್ಕ್ ಶುರು ಮಾಡುವ ಸ್ವಲ್ಪ ಮುಂಚೆಯೇ 'ತಗೊಂಡೆ' ಅಂತ ಬ್ರೋಕರ್‌ಗೆ ಹೇಳಿಬಿಡುತ್ತದೆ. ಅರ್ಧದಲ್ಲಿ ಕೊಂದರೆ ಆ ಟಾಸ್ಕ್ ಹೋಯಿತು ಅಂತಲೇ ಲೆಕ್ಕ. ಟರ್ಮ್ ಸಿಗ್ನಲ್ ಕೊಟ್ಟರೆ ಕೈಯಲ್ಲಿರುವುದನ್ನು ಮುಗಿಸಿ ನಿಲ್ಲುತ್ತದೆ. ಇಲ್ಲೊಂದು ತೊಡಕಿದೆ: ಡಾಕರ್ ಸ್ಟಾಪ್ 10 ಸೆಕೆಂಡ್ ಕಾದು ತಾನೇ ಕೊಲ್ಲುತ್ತದೆ, ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ. ನಿಮ್ಮ ಟಾಸ್ಕ್ ಮೂರು ನಿಮಿಷದ್ದಾದರೆ ಪ್ರತಿ ಡಿಪ್ಲಾಯ್‌ನಲ್ಲೂ ಯಾವುದೋ ಒಂದು ಸದ್ದಿಲ್ಲದೆ ಸಾಯುತ್ತಿರುತ್ತದೆ. ಆ ಕಾಯುವ ಸಮಯವನ್ನು ಹೆಚ್ಚಿಸಿಡಿ.

ಲೈವ್ ಸರ್ವರ್‌ನಲ್ಲಿ ಎಲ್ಲ ಕೀ ಪಟ್ಟಿ ಮಾಡುವ ಕೀಸ್ ಸ್ಟಾರ್ ಓಡಿಸಬೇಡಿ, ಅದು ಮುಗಿಯುವ ತನಕ ರೆಡಿಸ್ ಬೇರೆ ಯಾರಿಗೂ ಉತ್ತರಿಸಲ್ಲ. ಕೀ ಹುಡುಕಬೇಕಿದ್ದರೆ ಸ್ಕ್ಯಾನ್ ಬಳಸಿ.

ರೀಸ್ಟಾರ್ಟ್ ಮಾಡಲೇಬೇಕಾದ ತುರ್ತು ಬಂದರೆ ಮಾಡಿ, ತಪ್ಪಿಲ್ಲ. ಅದಕ್ಕೂ ಮುಂಚೆ, ಈಗ ಓಡುತ್ತಿರುವ ಟಾಸ್ಕ್‌ಗಳನ್ನು ತೋರಿಸುವ ಸೆಲರಿ ಇನ್‌ಸ್ಪೆಕ್ಟ್ ಆಕ್ಟಿವ್ ಓಡಿಸಿ, ಬಂದದ್ದನ್ನು ಒಂದು ಫೈಲ್‌ಗೆ ಉಳಿಸಿಕೊಳ್ಳಿ. ಅರ್ಧ ನಿಮಿಷದ ಕೆಲಸ. ಆಮೇಲೆ ಕಾರಣ ಹುಡುಕಲು ನಿಮ್ಮ ಬಳಿ ಉಳಿಯುವುದು ಅದೊಂದೇ.

## ಒಂದೂ ಟಾಸ್ಕ್ ಓಡುತ್ತಿಲ್ಲ

ಅಗ್ಗದ ಪರೀಕ್ಷೆ ಮೊದಲು: ವರ್ಕರ್ ಇದೆಯಾ? ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ನೋಡಿ. ಸರ್ವರ್ ರೀಬೂಟ್ ಆದ ಮೇಲೆ ಶುರುವಾದ ತೊಂದರೆಯಾದರೆ ಬಹುಪಾಲು ಇಲ್ಲೇ ಸಿಗುತ್ತದೆ. ಸರ್ವಿಸ್ ಸ್ಟಾರ್ಟ್ ಮಾಡಿದ್ದರು, ರೀಬೂಟ್ ಆದಾಗ ತಾನಾಗಿ ಏಳುವಂತೆ ಎನೇಬಲ್ ಮಾಡಿರಲಿಲ್ಲ. ಇಲ್ಲವೇ ಯಾರೋ ಟಿಮಕ್ಸ್ ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿಟ್ಟು ಕೆಲಸ ಬಿಟ್ಟು ಹೋಗಿದ್ದಾರೆ.

ವರ್ಕರ್ ಇದೆ ಅಂತಾದರೆ ಸೆಲರಿ ಇನ್‌ಸ್ಪೆಕ್ಟ್ ಪಿಂಗ್. 'ಪಾಂಗ್' ಬಂದರೆ ಬ್ರೋಕರ್ ತನಕ ದಾರಿ ಸರಿ ಇದೆ. ಯಾವ ನೋಡ್ (ಅಂದರೆ ವರ್ಕರ್) ಕೂಡ ಉತ್ತರ ಕೊಡಲಿಲ್ಲ ಅಂತ ಬಂದರೆ ವರ್ಕರ್ ರೆಡಿಸ್‌ಗೆ ಸೇರಿಕೊಂಡಿಲ್ಲ, ಅಥವಾ ನೀವು ಒಂದು ರೆಡಿಸ್‌ನಲ್ಲಿ ಕೇಳುತ್ತಿದ್ದೀರಿ, ಅದು ಇನ್ನೊಂದರಲ್ಲಿ ಕೂತಿದೆ.

ಈಗ ರೆಡಿಸ್ ಸಿಎಲ್‌ಐ (ಕಮಾಂಡ್ ಬರೆಯುವ ಕಿಟಕಿ) ತೆರೆದು ಎಲ್‌ಲೆನ್ ಸೆಲರಿ ಅಂತ ಕೇಳಿ. ಲಿಸ್ಟ್‌ನಲ್ಲಿ ಎಷ್ಟು ಕಾಯುತ್ತಿವೆ ಅನ್ನುವ ಅಂಕಿ ಬರುತ್ತದೆ. ಒಂದು ಸಲ ನೋಡಿ ಬಿಡಬೇಡಿ, ಅರ್ಧ ನಿಮಿಷ ಬಿಟ್ಟು ಮತ್ತೆ, ಇನ್ನರ್ಧ ನಿಮಿಷ ಬಿಟ್ಟು ಮತ್ತೆ ಕೇಳಿ. 412, 430, 451 ಅಂತ ಏರುತ್ತಿದ್ದರೆ ಸಂದೇಶ ಬರುತ್ತಿದೆ, ಎತ್ತುವವರಿಲ್ಲ. 412, 390, 371 ಆದರೆ ಎಲ್ಲವೂ ನಡೆಯುತ್ತಿದೆ, ನಿಮ್ಮದು ತಡದ ಸಮಸ್ಯೆ, ಕೆಳಗೆ ನೋಡಿ. ಸದಾ 0 ಇದ್ದು ಟಾಸ್ಕೂ ಓಡುತ್ತಿಲ್ಲ ಅಂದರೆ ಸಂದೇಶ ಬೇರೆಲ್ಲೋ ಹೋಗುತ್ತಿದೆ.

ಏರುತ್ತಿರಲಿ, ಸದಾ 0 ಇರಲಿ, ಮೊದಲು ನೋಡಬೇಕಾದ್ದು ಕ್ಯೂ ಹೆಸರು. ಯಾರೋ ಇಮೇಲ್ ಟಾಸ್ಕ್‌ಗಳನ್ನು 'ಮೇಲ್' ಅನ್ನುವ ಬೇರೆ ಕ್ಯೂಗೆ ಕಳಿಸುವ ರೂಟಿಂಗ್ ಬರೆದಿರುತ್ತಾರೆ, ವರ್ಕರ್ ಶುರು ಮಾಡುವ ಸಾಲಿನಲ್ಲಿ ಆ ಹೆಸರು ಸೇರಿಸಿರುವುದಿಲ್ಲ. ಇಂಥ ಕಡೆ ಎಲ್‌ಲೆನ್ ಸೆಲರಿ 0 ತೋರಿಸುತ್ತದೆ, ಎಲ್‌ಲೆನ್ ಮೇಲ್ ಸಾವಿರ ದಾಟಿರುತ್ತದೆ. ಇನ್‌ಸ್ಪೆಕ್ಟ್ ಆಕ್ಟಿವ್ ಕ್ಯೂಸ್ ಕೇಳಿದರೆ ಯಾವ ವರ್ಕರ್ ಯಾವ ಕ್ಯೂ ಕೇಳಿಸಿಕೊಳ್ಳುತ್ತಿದೆ ಅಂತ ಬಾಯಿಬಿಡುತ್ತದೆ.

ಸಂದೇಶ ಬೇರೆಲ್ಲೋ ಹೋಗುವುದಕ್ಕೆ ಇನ್ನೊಂದು ಸಾಮಾನ್ಯ ಕಾರಣ ಬ್ರೋಕರ್ ಯುಆರ್‌ಎಲ್‌ನ ಕೊನೆಯ ಒಂದೇ ಅಂಕಿ. ವೆಬ್ ಕಡೆ ಡೇಟಾಬೇಸ್ 0, ವರ್ಕರ್ ಕಡೆ 1. ಎರಡೂ ತಮ್ಮ ಪಾಡಿಗೆ ಸರಿಯಾಗಿವೆ, ಲಾಗ್‌ನಲ್ಲಿ ಒಂದು ಎರರ್ ಕೂಡ ಇರಲ್ಲ. ಡಾಕರ್‌ನಲ್ಲಿದ್ದರೆ ಲೋಕಲ್‌ಹೋಸ್ಟ್ ಅಂತ ಬರೆದಿದ್ದಾರಾ ನೋಡಿ, ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ. ಎನ್ವ್ ಫೈಲ್ (ಸೆಟ್ಟಿಂಗ್ ಇರುವ ಫೈಲ್) ಬದಲಿಸಿ ವರ್ಕರ್ ಮಾತ್ರ ರೀಸ್ಟಾರ್ಟ್ ಮಾಡಿ, ವೆಬ್ ಆಪ್ ಓಡಿಸುವ ಗುನಿಕಾರ್ನ್ ಮರೆತದ್ದೂ ಇದೇ ಜಾತಿ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಪ್ರಯತ್ನಿಸುತ್ತಿರುವವರಿಗೆ ಒಂದು ಮಾತು: ಸೆಲರಿ 4ರಿಂದ ವಿಂಡೋಸ್‌ಗೆ ಅಧಿಕೃತ ಬೆಂಬಲ ಇಲ್ಲ. ಟಾಸ್ಕ್ ಸಿಕ್ಕಿದೆ ಅಂತ ಲಾಗ್ ಬರುತ್ತದೆ, ಓಡುವುದಿಲ್ಲ, ಅಥವಾ ಮೂರು ವ್ಯಾಲ್ಯೂ ಬೇಕಿತ್ತು ಸೊನ್ನೆ ಸಿಕ್ಕಿತು ಅನ್ನುವ ವಿಚಿತ್ರ ವ್ಯಾಲ್ಯೂ ಎರರ್ ಬರುತ್ತದೆ. ಪೂಲ್ ಸೋಲೋ ಅಂತ ಕೊಟ್ಟು ಓಡಿಸಿ, ಅಥವಾ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್‌ಗೆ ಹೋಗಿ.

## ಅರ್ಧ ಬರುತ್ತೆ, ಅರ್ಧ ಬರಲ್ಲ

ಇದು ತಲೆ ಕೆಡಿಸುವ ಲಕ್ಷಣ, ಕಾರಣ ಮಾತ್ರ ಸಾಮಾನ್ಯವಾಗಿ ಸಣ್ಣದು. ಅದೇ ರೆಡಿಸ್‌ಗೆ ನಿಮಗೆ ಗೊತ್ತಿಲ್ಲದ ಇನ್ನೊಂದು ವರ್ಕರ್ ಸೇರಿಕೊಂಡಿದೆ. ಸ್ಟೇಜಿಂಗ್ (ಪರೀಕ್ಷೆಯ) ಸರ್ವರ್‌ನದ್ದಿರಬಹುದು, ಲೈವ್ ಎನ್ವ್ ಫೈಲ್ ಕಾಪಿ ಮಾಡಿಕೊಂಡ ಸಹೋದ್ಯೋಗಿಯ ಲ್ಯಾಪ್‌ಟಾಪ್‌ನದ್ದೂ ಇರಬಹುದು. ಯಾರು ಮೊದಲು ಎತ್ತಿಕೊಂಡರೋ ಟಾಸ್ಕ್ ಅವರದ್ದು. ರೆಡಿಸ್‌ನಲ್ಲಿ ಕ್ಲೈಂಟ್ ಲಿಸ್ಟ್ ಓಡಿಸಿ, ಪರಿಚಯ ಇಲ್ಲದ ಐಪಿ ಇದೆಯಾ ನೋಡಿ. ಪಿಂಗ್‌ಗೆ ಎಷ್ಟು ವರ್ಕರ್ ಉತ್ತರ ಕೊಟ್ಟವು ಅಂತಲೂ ಎಣಿಸಿ.

ಐಪಿ ಎಲ್ಲ ನಿಮ್ಮದೇ ಆದರೆ ಎರಡು ವರ್ಕರ್‌ಗಳಲ್ಲಿ ಒಂದು ಹಳೆಯ ಕೋಡ್ ಇಟ್ಟುಕೊಂಡಿರಬಹುದು. ಸೆಲರಿ ವರ್ಕರ್ ಕೋಡ್ ಬದಲಾದದ್ದನ್ನು ತಾನಾಗಿ ಗಮನಿಸುವುದಿಲ್ಲ, ರೀಸ್ಟಾರ್ಟ್ ಮಾಡುವ ತನಕ ಹಳೆಯದನ್ನೇ ಓಡಿಸುತ್ತದೆ. ಹೊಸ ಟಾಸ್ಕ್ ಹಳೆಯ ವರ್ಕರ್ ಕೈಗೆ ಸಿಕ್ಕರೆ 'ರಿಜಿಸ್ಟರ್ ಆಗದ ಟಾಸ್ಕ್ ಬಂದಿದೆ' ಅನ್ನುವ ಎರರ್ ಲಾಗ್‌ಗೆ ಬೀಳುತ್ತದೆ. ಜನ ಗಮನಿಸದೆ ಹೋಗುವುದು ಅದರ ಕೆಳಗಿನ ಸಾಲನ್ನು: ಸಂದೇಶವನ್ನು ಎಸೆಯಲಾಗಿದೆ ಅಂತ ಅದರಲ್ಲಿ ಬರೆದಿರುತ್ತದೆ. ಅದು ಕ್ಯೂಗೆ ವಾಪಸ್ ಹೋಗುವುದಿಲ್ಲ. ಹಾಗಾಗಿ ಹೊಸ ಟಾಸ್ಕ್ ಸೇರಿಸಿದಾಗ ವರ್ಕರ್ ಮೊದಲು ಡಿಪ್ಲಾಯ್ ಮಾಡಿ, ವೆಬ್ ಆಮೇಲೆ.

## ಓಡುತ್ತಿದೆ, ಆದರೆ ಓಟಿಪಿ ಹತ್ತು ನಿಮಿಷ ತಡ

ಇನ್‌ಸ್ಪೆಕ್ಟ್ ಆಕ್ಟಿವ್ ನೋಡಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಅದೇ ಟಾಸ್ಕ್ ಐಡಿಗಳು ಅಲ್ಲೇ ಕೂತಿದ್ದರೆ ಅವು ಎಲ್ಲೋ ಸಿಕ್ಕಿಕೊಂಡಿವೆ. ನಾಲ್ಕು ಪ್ರೊಸೆಸ್ ಇರುವ ವರ್ಕರ್‌ನಲ್ಲಿ ನಾಲ್ಕು ಟಾಸ್ಕ್ ಹೀಗೆ ಸಿಕ್ಕಿಕೊಂಡರೆ ಇಡೀ ಕ್ಯೂ ನಿಂತಂತೆ, ವರ್ಕರ್ ಮಾತ್ರ ಪಿಂಗ್‌ಗೆ ಪಾಂಗ್ ಅನ್ನುತ್ತಲೇ ಇರುತ್ತದೆ.

ಬಹುಪಾಲು ಅಪರಾಧಿ ಹೊರಗಿನ ಎಪಿಐ ಕರೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ಡಿಫಾಲ್ಟ್ ಟೈಮ್‌ಔಟ್ ಇಲ್ಲ. ಆ ಕಡೆಯವರು ಉತ್ತರ ಕೊಡದಿದ್ದರೆ ನಿಮ್ಮ ಟಾಸ್ಕ್ ಕಾಯುತ್ತಲೇ ಇರುತ್ತದೆ. ಸೆಲರಿಯೂ ತಾನಾಗಿ ಯಾವ ಸಮಯದ ಮಿತಿ ಹಾಕುವುದಿಲ್ಲ. ಪ್ರತಿ ಕರೆಗೂ ಟೈಮ್‌ಔಟ್ ಬರೆಯಿರಿ, ಅದರ ಮೇಲೆ ಸೆಲರಿಯ ಸಾಫ್ಟ್ ಟೈಮ್ ಲಿಮಿಟ್ ಕೂಡ ಇರಲಿ. ಎಲ್ಲಿ ನಿಂತಿದೆ ಅಂತ ಖಾತ್ರಿ ಬೇಕಾದರೆ ಪೈ-ಸ್ಪೈ ಟೂಲ್‌ನ ಡಂಪ್ ಕಮಾಂಡ್‌ಗೆ ಆ ಪ್ರೊಸೆಸ್‌ನ ಪಿಐಡಿ (ಪ್ರೊಸೆಸ್ ನಂಬರ್) ಕೊಡಿ, ಯಾವ ಫೈಲ್‌ನ ಯಾವ ಸಾಲಿನಲ್ಲಿ ಕೂತಿದೆ ಅಂತ ವರ್ಕರ್ ನಿಲ್ಲಿಸದೆ ಹೇಳಿಬಿಡುತ್ತದೆ.

ಐಡಿಗಳು ಬದಲಾಗುತ್ತಿವೆ, ಆದರೂ ತಡ ಅಂದರೆ ಸಣ್ಣ ಕೆಲಸ ದೊಡ್ಡ ಕೆಲಸದ ಹಿಂದೆ ನಿಂತಿದೆ. ರೇಷನ್ ಅಂಗಡಿಯಲ್ಲಿ ಒಬ್ಬರು ಊರಿನವರೆಲ್ಲರ ಕಾರ್ಡ್ ಹಿಡಿದು ಮುಂದೆ ನಿಂತ ಹಾಗೆ: ತಿಂಗಳ ಕೊನೆಯ ಎಕ್ಸೆಲ್ ರಿಪೋರ್ಟ್ ಮುಂದೆ, ಎರಡು ಸೆಕೆಂಡ್‌ನ ಓಟಿಪಿ ಹಿಂದೆ. ಓಟಿಪಿಗೆ ಬೇರೆ ಕ್ಯೂ, ಬೇರೆ ವರ್ಕರ್ ಕೊಡಿ. ನನ್ನ ಪ್ರಕಾರ ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಜಾಸ್ತಿ ಲಾಭದ ಬದಲಾವಣೆ ಸೆಲರಿಯಲ್ಲಿ ಇನ್ನೊಂದಿಲ್ಲ. ಜೊತೆಗೆ ಪ್ರೀಫೆಚ್ ಮಲ್ಟಿಪ್ಲೈಯರ್ ನೋಡಿ. ಡಿಫಾಲ್ಟ್ 4, ಅಂದರೆ ಪ್ರತಿ ಪ್ರೊಸೆಸ್‌ಗೆ ನಾಲ್ಕರಂತೆ ವರ್ಕರ್ ಮುಂಚೆಯೇ ಎತ್ತಿ ಬಗಲಲ್ಲಿ ಇಟ್ಟುಕೊಳ್ಳುತ್ತದೆ. ಆ ಟಾಸ್ಕ್‌ಗಳು ಎಲ್‌ಲೆನ್‌ನಲ್ಲಿ ಕಾಣುವುದಿಲ್ಲ, ಇನ್‌ಸ್ಪೆಕ್ಟ್ ರಿಸರ್ವ್ಡ್‌ನಲ್ಲಿ ಕಾಣುತ್ತವೆ. ಉದ್ದದ ಟಾಸ್ಕ್ ಓಡಿಸುವ ವರ್ಕರ್‌ಗೆ ಅದನ್ನು 1 ಮಾಡಿ.

ಕಾನ್‌ಕರೆನ್ಸಿ (ಒಟ್ಟಿಗೆ ಓಡುವ ಪ್ರೊಸೆಸ್‌ಗಳ ಸಂಖ್ಯೆ) ಏರಿಸುವುದು ಕೊನೆಯ ಉಪಾಯವಾಗಿರಲಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಡಿಫಾಲ್ಟ್ ಆಗಿ 100 ಕನೆಕ್ಷನ್ ಮಾತ್ರ. ವರ್ಕರ್ ಪ್ರೊಸೆಸ್‌ಗಳೇ ಅದನ್ನು ತುಂಬಿದರೆ ಈಗ ತಡವಾಗುತ್ತಿರುವ ಇಮೇಲ್ ಜೊತೆ ಸೈಟೂ ಬೀಳುತ್ತದೆ.

## ಒಂದೇ ಮೆಸೇಜ್ ಎರಡೆರಡು ಸಲ ಹೋಗಿದೆ

ಲಾಗ್ ತೆರೆದು ಎರಡೂ ಓಟದ ಟಾಸ್ಕ್ ಐಡಿ ಮತ್ತು ಸಮಯ ಅಕ್ಕಪಕ್ಕ ಬರೆದುಕೊಳ್ಳಿ. ಉತ್ತರ ಅಲ್ಲೇ ಇರುತ್ತದೆ.

ಐಡಿ ಒಂದೇ, ಮಧ್ಯೆ ಸುಮಾರು ಒಂದು ಗಂಟೆ ಅಂತರ. ಇದು ವಿಸಿಬಿಲಿಟಿ ಟೈಮ್‌ಔಟ್. ರೆಡಿಸ್ ಜೊತೆ ಸೆಲರಿ ಬಳಸುವಾಗ ಇದರ ಡಿಫಾಲ್ಟ್ 3600 ಸೆಕೆಂಡ್. ಎತ್ತಿಕೊಂಡು ಹೋದ ಸಂದೇಶಕ್ಕೆ ಅಷ್ಟರಲ್ಲಿ 'ತಗೊಂಡೆ' ಅನ್ನುವ ಉತ್ತರ ಬರದಿದ್ದರೆ ಅದು ಕಳೆದುಹೋಯಿತು ಅಂದುಕೊಂಡು ಮತ್ತೆ ಕ್ಯೂಗೆ ಹಾಕಲಾಗುತ್ತದೆ. ಆಕ್ಸ್ ಲೇಟ್ (ಕೆಲಸ ಮುಗಿದ ಮೇಲಷ್ಟೇ 'ತಗೊಂಡೆ' ಅನ್ನುವ ಸೆಟ್ಟಿಂಗ್) ಹಾಕಿದ ಟಾಸ್ಕ್ ಒಂದು ಗಂಟೆಗಿಂತ ಜಾಸ್ತಿ ಓಡಿದರೆ ಹೀಗಾಗುತ್ತದೆ. ಇನ್ನೂ ಮೋಸದ್ದು ಇಟಿಎ ಟಾಸ್ಕ್, ಅಂದರೆ ಇಂಥ ಹೊತ್ತಿಗೆ ಓಡು ಅಂತ ಸಮಯ ಕೊಟ್ಟದ್ದು: 'ನಾಳೆ ಬೆಳಿಗ್ಗೆ ನೆನಪಿಸು' ಅಂತ ಇಂದು ಸಂಜೆಯೇ ಕ್ಯೂಗೆ ಹಾಕಿದರೆ, ವರ್ಕರ್ ಅದನ್ನು ಎತ್ತಿಕೊಂಡು ಮೆಮೊರಿಯಲ್ಲಿ ಇಟ್ಟುಕೊಂಡು ಕಾಯುತ್ತದೆ, ಗಂಟೆ ಕಳೆಯುತ್ತದೆ, ಇನ್ನೊಂದು ಪ್ರತಿ ಹುಟ್ಟುತ್ತದೆ, ಮತ್ತೊಂದು ಗಂಟೆ, ಮತ್ತೊಂದು ಪ್ರತಿ. ಬೆಳಿಗ್ಗೆ ಗ್ರಾಹಕರ ಫೋನಿಗೆ ಸಾಲು ಸಾಲು ನೆನಪೋಲೆ. ಟೈಮ್‌ಔಟನ್ನು ನಿಮ್ಮ ಅತಿ ಉದ್ದದ ಕಾಯುವಿಕೆಗಿಂತ ಜಾಸ್ತಿ ಇಡಬಹುದು. ನನ್ನ ಸಲಹೆ ಕೇಳಿದರೆ, ದೂರದ ಸಮಯಕ್ಕೆ ಇಟಿಎ ಬಳಸಲೇಬೇಡಿ. ಡೇಟಾಬೇಸ್ ಟೇಬಲ್‌ನಲ್ಲಿ ಸಮಯ ಬರೆದಿಡಿ, ನಿಗದಿತ ಹೊತ್ತಿಗೆ ಟಾಸ್ಕ್ ಕ್ಯೂಗೆ ಹಾಕುವ ಸೆಲರಿಯ ಬೀಟ್‌ನಿಂದ ಐದು ನಿಮಿಷಕ್ಕೊಮ್ಮೆ ನೋಡಿಸಿ.

ಐಡಿ ಒಂದೇ, ಅಂತರ ಮೂರು ನಿಮಿಷ. ಇದು ರೀಟ್ರೈ (ಮರುಪ್ರಯತ್ನ), ಅದರ ಡಿಫಾಲ್ಟ್ ವಿರಾಮ 180 ಸೆಕೆಂಡ್. ಎಸ್ಸೆಮ್ಮೆಸ್ ಹೋಗಿದೆ, ಅದರ ನಂತರದ ಸಾಲಿನಲ್ಲಿ ಏನೋ ಎರರ್ ಬಂದಿದೆ, ಇಡೀ ಟಾಸ್ಕ್ ಮತ್ತೆ ಮೊದಲಿಂದ ಓಡಿದೆ.

ಐಡಿ ಬೇರೆ ಬೇರೆ, ಸಮಯ ಒಂದೇ ಸೆಕೆಂಡ್. ನಿಗದಿತ ಟಾಸ್ಕ್ ಆದರೆ ಎರಡು ಬೀಟ್ ಓಡುತ್ತಿವೆ. ಸರ್ವರ್ ಎರಡಕ್ಕೆ ಏರಿಸಿದಾಗ ಬೀಟ್ ಕೂಡ ಎರಡಾಗಿರುತ್ತದೆ. ಬೀಟ್ ಯಾವಾಗಲೂ ಒಂದೇ ಇರಬೇಕು. ನಿಗದಿತ ಟಾಸ್ಕ್ ಅಲ್ಲದಿದ್ದರೆ ಬಳಕೆದಾರರು ಬಟನ್ ಎರಡು ಸಲ ಒತ್ತಿದ್ದಾರೆ, ಅಷ್ಟೇ.

ಹಣ ಮುಟ್ಟುವ ಟಾಸ್ಕ್ ಇದ್ದರೆ ಕಾರಣ ಯಾವುದಾದರೂ ಆಗಲಿ, 'ಈ ಆರ್ಡರ್‌ಗೆ ರೀಫಂಡ್ ಆಗಿದೆಯಾ' ಅನ್ನುವುದನ್ನು ಡೇಟಾಬೇಸ್‌ನಲ್ಲಿ ಯೂನೀಕ್ ಕಾಲಮ್‌ನಿಂದ (ಒಂದೇ ಬೆಲೆ ಎರಡು ಸಲ ಸೇರಲು ಬಿಡದ ಕಾಲಮ್) ಕಾಯಬೇಕು. ಕ್ಯೂ ಒಂದೇ ಸಲ ಕೊಡುತ್ತದೆ ಅಂತ ನಂಬಿ ಕೋಡ್ ಬರೆಯಬಾರದು.

## ರೆಕಾರ್ಡ್ ಇದೆ, ಟಾಸ್ಕ್ 'ಇಲ್ಲ' ಅನ್ನುತ್ತದೆ

ಡಸ್ ನಾಟ್ ಎಕ್ಸಿಸ್ಟ್ ಎರರ್ ಬರುತ್ತದೆ, ಹೋಗಿ ನೋಡಿದರೆ ಆ ಸಾಲು ಟೇಬಲ್‌ನಲ್ಲಿದೆ. ಟ್ರಾನ್ಸಾಕ್ಷನ್ ಕಮಿಟ್ ಆಗುವ (ಡೇಟಾಬೇಸ್‌ನಲ್ಲಿ ಬರೆದದ್ದು ಖಾಯಂ ಆಗುವ) ಮುಂಚೆಯೇ ವರ್ಕರ್ ಎತ್ತಿಕೊಂಡಿದೆ. ಜ್ಯಾಂಗೊದ ಆನ್ ಕಮಿಟ್ ಒಳಗೆ ಡಿಲೇ ಕರೆಯಿರಿ. ಸೆಲರಿ 5.4ರಿಂದ ಇದಕ್ಕೇ ಡಿಲೇ ಆನ್ ಕಮಿಟ್ ಇದೆ. ಸ್ಲೀಪ್ ಹಾಕಿ ಸರಿಮಾಡಲು ಹೋಗಬೇಡಿ.

## ಬೆಳಗಿನ 6ರ ರಿಪೋರ್ಟ್ ಹನ್ನೊಂದೂವರೆಗೆ ಬರುತ್ತದೆ

ಐದೂವರೆ ಗಂಟೆ ವ್ಯತ್ಯಾಸ ಕಂಡ ಕೂಡಲೇ ಬೇರೇನೂ ಹುಡುಕಬೇಡಿ. ಸೆಲರಿಯ ಡಿಫಾಲ್ಟ್ ಟೈಮ್‌ಜೋನ್ ಯುಟಿಸಿ, ನಮ್ಮದು ಅದಕ್ಕಿಂತ 5.30 ಮುಂದೆ. ಸೆಲರಿಯ ಟೈಮ್‌ಜೋನ್‌ಗೆ ಏಷ್ಯಾ ಕೋಲ್ಕತಾ ಅಂತ ಬರೆದು ಬೀಟ್ ರೀಸ್ಟಾರ್ಟ್ ಮಾಡಿ. ರಿಪೋರ್ಟ್ ಬರುವುದೇ ಇಲ್ಲ ಅಂದರೆ ಬೀಟ್ ಓಡುತ್ತಿಲ್ಲ. ವರ್ಕರ್ ಬೇರೆ, ಬೀಟ್ ಬೇರೆ ಸರ್ವಿಸ್.

## ವರ್ಕರ್ ಆಗಾಗ ಸಾಯುತ್ತದೆ

ಲಾಗ್‌ನಲ್ಲಿ ವರ್ಕರ್ ಲಾಸ್ಟ್ ಎರರ್, ಸಿಗ್ನಲ್ 9 ಅಂತ ಇದ್ದರೆ ಯಾರೋ ಅದನ್ನು ಕೊಂದಿದ್ದಾರೆ. ಹೆಚ್ಚಾಗಿ ಲಿನಕ್ಸ್ ಕರ್ನಲ್ಲೇ, ಮೆಮೊರಿ ಸಾಲದೆ. ಕರ್ನಲ್ ಲಾಗ್ ತೋರಿಸುವ ಡಿಮೆಸ್ಜಿಯಲ್ಲಿ 'ಔಟ್ ಆಫ್ ಮೆಮೊರಿ' ಸಾಲು ಹುಡುಕಿ. ಸೆಲರಿ ಡಿಫಾಲ್ಟ್ ಆಗಿ ಸಿಪಿಯು ಕೋರ್ ಎಷ್ಟಿವೆಯೋ ಅಷ್ಟು ಪ್ರೊಸೆಸ್ ಹುಟ್ಟಿಸುತ್ತದೆ, 8 ಕೋರ್ ಇದ್ದು 4 ಜಿಬಿ ರ‍್ಯಾಮ್ ಇರುವ ಮಷೀನ್‌ನಲ್ಲಿ ಎಂಟು ಪ್ರೊಸೆಸ್ ಒಟ್ಟಿಗೆ ಪಿಡಿಎಫ್ ಮಾಡಲು ಕೂತರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಕಾನ್‌ಕರೆನ್ಸಿ ಇಳಿಸಿ. ಮೆಮೊರಿ ನಿಧಾನಕ್ಕೆ ಏರುತ್ತಾ ಹೋಗುವುದಾದರೆ ಮ್ಯಾಕ್ಸ್ ಟಾಸ್ಕ್ಸ್ ಪರ್ ಚೈಲ್ಡ್ ಹಾಕಿ, ಇಷ್ಟು ಟಾಸ್ಕ್ ಆದ ಮೇಲೆ ಪ್ರೊಸೆಸ್ ಹೊಸದಾಗುತ್ತದೆ. ಮ್ಯಾಕ್ಸ್ ಮೆಮೊರಿ ಪರ್ ಚೈಲ್ಡ್ ಹಾಕುವವರು ನೆನಪಿಡಿ, ಅದರ ಲೆಕ್ಕ ಕಿಲೋಬೈಟ್‌ನಲ್ಲಿ. 200 ಎಂಬಿ ಅಂದುಕೊಂಡು 200 ಅಂತ ಬರೆದರೆ ಪ್ರತಿ ಟಾಸ್ಕ್‌ಗೂ ಪ್ರೊಸೆಸ್ ಬದಲಾಗುತ್ತದೆ.

## ರೆಡಿಸ್ ಬರೆಯಲು ಬಿಡುತ್ತಿಲ್ಲ

ಈಗ ಡಿಲೇ ಕರೆದಾಗಲೇ ಎರರ್ ಬರುತ್ತದೆ, ಕೆಲವು ಪುಟಗಳೂ 500 ತೋರಿಸುತ್ತವೆ. ಎರರ್ 'ಮಿಸ್‌ಕಾನ್ಫ್' ಅಂತ ಶುರುವಾದರೆ ರೆಡಿಸ್‌ಗೆ ಡಿಸ್ಕ್‌ಗೆ ಸ್ನ್ಯಾಪ್‌ಶಾಟ್ ಬರೆಯಲು ಆಗುತ್ತಿಲ್ಲ. ಡಿಸ್ಕ್‌ನಲ್ಲಿ ಜಾಗ ಎಷ್ಟಿದೆ ಅಂತ ತೋರಿಸುವ ಡಿಎಫ್ ಹಾಕಿ ನೋಡಿ, ಲಾಗ್ ಫೈಲ್‌ಗಳು ಡಿಸ್ಕ್ ತುಂಬಿರುತ್ತವೆ. ಆ ಎರರ್ ಬಾಯಿ ಮುಚ್ಚಿಸುವ ಸೆಟ್ಟಿಂಗ್ ಒಂದಿದೆ, ಹಾಕಬೇಡಿ, ರೆಡಿಸ್ ಬಿದ್ದರೆ ಕ್ಯೂನಲ್ಲಿರುವುದೆಲ್ಲ ಹೋಗುತ್ತದೆ.

'ಒಒಎಂ' (ಔಟ್ ಆಫ್ ಮೆಮೊರಿ) ಅಂತ ಬಂದರೆ ರೆಡಿಸ್‌ನ ಮ್ಯಾಕ್ಸ್ ಮೆಮೊರಿ ಮಿತಿ ಮುಟ್ಟಿದೆ. ಇಲ್ಲಿ ಆಲ್‌ಕೀಸ್ ಎಲ್‌ಆರ್‌ಯು (ಬಹಳ ಹೊತ್ತು ಬಳಸದ ಕೀ ಅಳಿಸುವ ಸೆಟ್ಟಿಂಗ್) ಹಾಕಿದರೆ ಎರರ್ ನಿಲ್ಲುತ್ತದೆ, ಆದರೆ ರೆಡಿಸ್ ಜಾಗ ಮಾಡಲು ನಿಮ್ಮ ಕ್ಯೂ ಲಿಸ್ಟನ್ನೇ ಅಳಿಸಬಹುದು. ಕ್ಯೂ ಇರುವ ರೆಡಿಸ್‌ನಲ್ಲಿ ಏನನ್ನೂ ಅಳಿಸದ ನೋ ಎವಿಕ್ಷನ್ ಇರಲಿ, ಕ್ಯಾಶ್‌ಗೆ ಬೇರೆ ರೆಡಿಸ್ ಇಡಿ. ಟಾಸ್ಕ್ ರಿಸಲ್ಟ್‌ಗಳೂ ಒಂದು ದಿನ ಅಲ್ಲೇ ಕೂರುತ್ತವೆ. ಯಾರೂ ಓದದ ರಿಸಲ್ಟ್‌ಗೆ ಇಗ್ನೋರ್ ರಿಸಲ್ಟ್ ಹಾಕಿ.

## ಸಕ್ಸೆಸ್ ಅಂತಿದೆ, ಮೆಸೇಜ್ ತಲುಪಿಲ್ಲ

ಇಲ್ಲಿ ಕ್ಯೂ ತಪ್ಪು ಇರಲ್ಲ. ಎಕ್ಸೆಪ್ಟ್ ಬರೆದು ಒಳಗೆ ಪಾಸ್ ಹಾಕಿ ಎರರ್ ನುಂಗಿದ್ದಾರಾ ಅಂತ ಕೋಡ್ ನೋಡಿ. ಎಸ್ಸೆಮ್ಮೆಸ್ ಗೇಟ್‌ವೇ 200 (ಸರಿ ಇದೆ ಅನ್ನುವ ಕೋಡ್) ಕೊಟ್ಟು ಉತ್ತರದ ಒಳಗೆ ವೈಫಲ್ಯ ಬರೆದಿರಬಹುದು, ಅದನ್ನೂ ಓದಿ. ಭಾರತದಲ್ಲಿ ಇನ್ನೊಂದಿದೆ: ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮದ ಪ್ರಕಾರ ಕಂಪನಿಗಳ ಎಸ್ಸೆಮ್ಮೆಸ್ ಹೆಡರ್ (ಕಳಿಸುವವರ ಹೆಸರು) ಮತ್ತು ಟೆಂಪ್ಲೇಟ್ (ಸಂದೇಶದ ಮಾದರಿ) ಟೆಲಿಕಾಂ ಆಪರೇಟರ್‌ಗಳ ಡಿಎಲ್‌ಟಿ ವೇದಿಕೆಯಲ್ಲಿ ನೋಂದಣಿ ಆಗಿರಬೇಕು. ಯಾರೋ ವಾಕ್ಯ ಚೆಂದ ಮಾಡಲು ಹೋಗಿ ಎರಡು ಪದ ಬದಲಿಸಿದರೆ ಟೆಂಪ್ಲೇಟ್ ಹೊಂದದೆ ಆಪರೇಟರ್ ಕಡೆಯೇ ತಡೆಯುತ್ತಾರೆ. ಸೆಲರಿ ಲಾಗ್ ಎಷ್ಟು ಕೆದಕಿದರೂ ಇದು ಸಿಗಲ್ಲ, ಗೇಟ್‌ವೇಯ ಡೆಲಿವರಿ ರಿಪೋರ್ಟ್ ಕೇಳಬೇಕು.

## ಯಾವಾಗ ಕೈ ತೆಗೆದು ಬೇರೆಯವರನ್ನು ಕರೆಯಬೇಕು

ರೀಫಂಡ್ ಅಥವಾ ಹಣ ವರ್ಗಾವಣೆ ಎರಡೆರಡು ಸಲ ಆಗುತ್ತಿದ್ದರೆ ಕಾರಣ ಹುಡುಕುತ್ತಾ ಕೂರಬೇಡಿ. ಮೊದಲು ಆ ಕ್ಯೂನ ವರ್ಕರ್ ನಿಲ್ಲಿಸಿ, ಸಂದೇಶಗಳು ರೆಡಿಸ್‌ನಲ್ಲೇ ಕಾಯುತ್ತಿರುತ್ತವೆ. ಲೆಕ್ಕ ನೋಡುವವರಿಗೆ ಫೋನ್ ಮಾಡಿ. ಡಿಬಗ್ ಆಮೇಲೆ.

ರೆಡಿಸ್‌ನ 6379 ಪೋರ್ಟ್ ಇಂಟರ್ನೆಟ್‌ಗೆ ತೆರೆದಿದ್ದು, ರೆಡಿಸ್‌ನಲ್ಲಿ ನಿಮಗೆ ಪರಿಚಯ ಇಲ್ಲದ ಕೀಗಳು ಅಥವಾ ಸರ್ವರ್‌ನಲ್ಲಿ ಗೊತ್ತಿಲ್ಲದ ಕ್ರಾನ್ (ಸಮಯಕ್ಕೆ ತಾನೇ ಓಡುವ ಕಮಾಂಡ್) ಸಾಲು ಕಂಡರೆ ಅದು ಕ್ಯೂ ದೋಷ ಅಲ್ಲ, ಯಾರೋ ಒಳಗೆ ಬಂದಿದ್ದಾರೆ. ವರ್ಕರ್ ಪಿಕಲ್ (ಪೈಥಾನ್‌ನ ಡೇಟಾ ರೂಪ) ಸ್ವೀಕರಿಸುವಂತೆ ಇದ್ದರೆ ಕ್ಯೂಗೆ ಬರೆಯಬಲ್ಲವರು ನಿಮ್ಮ ಸರ್ವರ್‌ನಲ್ಲಿ ಏನು ಬೇಕಾದರೂ ಓಡಿಸಬಹುದು. ಮಷೀನನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಏನನ್ನೂ ಅಳಿಸದೆ ಸೆಕ್ಯುರಿಟಿ ತಂಡಕ್ಕೆ ಕೊಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು.

ಉಳಿದದ್ದಕ್ಕೆಲ್ಲ ಸಹಾಯ ಕೇಳುವಾಗ ಸೆಲರಿ, ರೆಡಿಸ್, ಪೈಥಾನ್ ವರ್ಷನ್, ಮೂರು ಸಲದ ಎಲ್‌ಲೆನ್ ಅಂಕಿ, ಉಳಿಸಿಟ್ಟ ಇನ್‌ಸ್ಪೆಕ್ಟ್ ಆಕ್ಟಿವ್, ಮತ್ತು ಕೆಟ್ಟ ಒಂದೇ ಒಂದು ಟಾಸ್ಕ್ ಐಡಿಯ ಎಲ್ಲ ಲಾಗ್ ಸಾಲು ಕೊಡಿ. ಬ್ರೋಕರ್ ಯುಆರ್‌ಎಲ್ ಅಂಟಿಸುವ ಮುಂಚೆ ಅದರೊಳಗಿನ ಪಾಸ್‌ವರ್ಡ್ ಅಳಿಸಿ. ಅಳಿಸದೆ ಕಳಿಸಿಬಿಟ್ಟಿದ್ದರೆ ಆ ಪಾಸ್‌ವರ್ಡ್ ಇವತ್ತೇ ಬದಲಿಸಿ.